ಇಪ್ಪತ್ತನಾಲ್ಕಕ್ಕೇ ಮುದುಕಿಯಾದವಳು

ಕಾಸೆಲ್
3 ಜುಲೈ 1927

ನನ್ನ ಪ್ರೀತಿಯ ಮೆಖ್ಟಿಲ್ಡ್‌ಗೆ,

ಈಸ್ಟರ್‌ಗೆ ನೀನು ಕಳಿಸಿದ ಬಾದಾಮಿ ಮಿಠಾಯಿ ತಿಂದು ಮುಗಿಸಿ ಎಷ್ಟೋ ದಿನವಾಯಿತು. ಉತ್ತರ ಮಾತ್ರ ಈಗ ಬರೆಯುತ್ತಿದ್ದೇನೆ. ಬೈಯಬೇಡ.

ವಿಷಯ ಇಷ್ಟೇ: ನಾನು ರಂಗದಿಂದ ಇಳಿದೆ. ಒಪೆರಾದಲ್ಲಿ ನಿನ್ನಂಥ ಮೇಲುದನಿಯವರು ಪ್ರೇಮಿಸಿ ಸಾಯುತ್ತಿದ್ದರು. ನನ್ನದು ಹೆಂಗಸರಲ್ಲೇ ತೀರ ಕೆಳಗಿನ ಕಂಠ, ಇಪ್ಪತ್ತನಾಲ್ಕಕ್ಕೇ ಮುದುಕಿಯಾದೆ. ದಾದಿ, ಮಾಟಗಾತಿ, ಅತ್ತೆ, ಇವೇ ನನ್ನ ಪಾತ್ರಗಳು. ಮೊದಲ ಸಲ ನನ್ನ ಕೆನ್ನೆಗೆ ಸುಕ್ಕು ಬರೆಯುತ್ತಾ ನೀನು, "ಅಳಬೇಡ ಕಣೇ, ನಾವೆಲ್ಲ ಮೂಲೆ ಸೇರಿದ ಮೇಲೂ ನಿನಗೆ ಕೆಲಸ ಇರುತ್ತೆ" ಅಂದಿದ್ದೆ. ಅದು ಸುಳ್ಳಾಯಿತು ನೋಡು.

ಮಗಳು ರೋಸ್ವಿಟಾ ಹೋದ ವರ್ಷ ನಮ್ಮ ರಂಗಮಂದಿರಕ್ಕೇ ಸೇರಿದ್ದು ನಿನಗೆ ಗೊತ್ತು. ಅವಳು ರಾಜಕುಮಾರಿ, ನಾನು ಅವಳ ದಾದಿ. ಜನರಿಗೆ ಅದೊಂದು ಖುಷಿ. ಫೆಬ್ರವರಿಯಲ್ಲಿ ನಿರ್ದೇಶಕ ತ್ಸಿರ್ಕ್‌ವಿಟ್ಸ್ ಕರೆಸಿಕೊಂಡರು. ಅವರೇ ಎದ್ದು ಕುರ್ಚಿ ಎಳೆದುಕೊಟ್ಟಾಗಲೇ ನನಗೆ ಅನುಮಾನ ಬಂತು.

"ಫ್ರೌ ರೋಡೆವಾಲ್ಟ್, ಮುಂದಿನ ವರ್ಷಕ್ಕೆ ಹಾಲೆ ಊರಿಂದ ಒಬ್ಬ ಹುಡುಗಿ ಬರ್ತಾಳೆ. ನಿಮಗೂ ಸಾಕಾಗಿರಬೇಕಲ್ವಾ?"

"ಸಾಕು ಅಂತ ನಾನೇನಾದ್ರೂ ಅಂದ್ನಾ?"

"ಇಲ್ಲ ಇಲ್ಲ. ಎಲ್ಲ ನಿಮ್ಮ ಒಳ್ಳೇದಕ್ಕೇ."

ಕಳೆದ ಶನಿವಾರ ಕೊನೆಯ ಆಟ. ದಾದಿಯ ಲಾಲಿಹಾಡು ಚೆನ್ನಾಗಿಯೇ ಬಂತು. ಜನ ಎದ್ದು ನಿಂತರು. ರೋಸ್ವಿಟಾ ರಂಗದ ಮೇಲೇ ನನ್ನನ್ನು ತಬ್ಬಿಕೊಂಡು ಅತ್ತಳು. ಶರತ್ಕಾಲದಿಂದ ಮನೆಯಲ್ಲೇ ಪಾಠ ಹೇಳಬೇಕೆಂದಿದ್ದೇನೆ. ಕೆಳಮನೆಯ ಕಟುಕನ ಹೆಂಡತಿ ಆಗಲೇ ಕೇಳಿದಳು: "ಅಯ್ಯೋ ದೇವರೇ, ಇನ್ನು ಇಲ್ಲೇ ಕೂಗ್ತೀರಾ?"

ದೇವರು ನಿನ್ನನ್ನೂ ನಿನ್ನ ಮೊಣಕಾಲುಗಳನ್ನೂ ಚೆನ್ನಾಗಿಟ್ಟಿರಲಿ.

ನಿನ್ನ
ವಾಲ್‌ಬುರ್ಗಾ

ತಾಜಾ ಕಲಂ: ಮೇಲೆ ಬರೆಯಲು ಮನಸ್ಸಾಗಲಿಲ್ಲ. ಬೀಳ್ಕೊಡುಗೆ ಊಟದಲ್ಲಿ ವೈನ್ ಹೆಚ್ಚಾಗಿ ತ್ಸಿರ್ಕ್‌ವಿಟ್ಸ್ ಬಾಯಿಬಿಟ್ಟರು: "ನಾನಾಗಿ ನಿಮ್ಮನ್ನ ಬಿಡ್ತಿರಲಿಲ್ಲ. ಅಮ್ಮನ ದನಿ ನಡುಗ್ತಿದೆ, ಜನ ನಗೋ ಮುಂಚೆ ಇಳಿಸಿಬಿಡಿ ಅಂತ ನಿಮ್ಮ ಮಗಳೇ ಬಂದು ಕೇಳಿಕೊಂಡಳು." ನಡುಗುತ್ತಿದ್ದದ್ದು ನಿಜ, ಮೆಖ್ಟಿಲ್ಡ್. ನನಗೂ ಕೇಳಿಸುತ್ತಿತ್ತು. ಆದರೆ ನಾನೂ ಅವಳೂ ದಿನಾ ಒಂದೇ ಮೇಜಿನಲ್ಲಿ ಎದುರುಬದುರು ಕೂತು ಊಟ ಮಾಡುತ್ತೇವೆ. ನನಗೇ ಹೇಳಿದ್ದರೆ ನಾನಾಗಿಯೇ ಇಳಿಯುತ್ತಿದ್ದೆ.

ನಿನ್ನೆ ಸೂಪು ಬಡಿಸುವಾಗ ಅವಳು ಕೇಳಿದಳು, "ಅಮ್ಮ, ತ್ಸಿರ್ಕ್‌ವಿಟ್ಸ್ ಮೇಲೆ ಇನ್ನೂ ಸಿಟ್ಟಿದೆಯಾ?"

"ಸ್ವಲ್ಪ," ಅಂದೆ.