ಅತಿಥಿಗೆಂದು ಹಾಸಿದ ಹಾಸಿಗೆ

ತೈಗು
ಚೀನಾ ಗಣರಾಜ್ಯದ ಇಪ್ಪತ್ತನೆಯ ವರ್ಷ, ಹತ್ತನೆಯ ತಿಂಗಳ ಬಿದಿಗೆ

ಮಗಳೇ ರೂಮೇ,

ಹೇಗಿದ್ದೀಯ? ಚಳಿ ಬಿತ್ತೆಂದರೆ ನಿನ್ನ ಬೆರಳು ಬಿರಿಯುತ್ತವೆ, ಕುರಿಕೊಬ್ಬು ಹಚ್ಚಿಕೊಳ್ಳುತ್ತಿದ್ದೀಯ ತಾನೆ? ನಿನ್ನ ಮೈದುನನ ಮದುವೆಯಾದ ಮೇಲೆ ಫೆನ್‌ಚೌ ಊರಿನ ಗಂಡನ ಮನೆಯಲ್ಲಿ ನಿನ್ನನ್ನು ಅಡುಗೆಮನೆ ಪಕ್ಕದ ಮೂಲೆಗೆ ಸರಿಸಿದ್ದಾರೆಂದು ಕೇಳಿದೆ. ಗಂಡ ಹೋದ ಹೆಣ್ಣು, ಮಡಿಲಲ್ಲಿ ಮಗುವಿಲ್ಲ, ಅವರಿಗೂ ನಿನ್ನನ್ನು ಎಲ್ಲಿಡಬೇಕೆಂದು ತಿಳಿದಿರಲಿಕ್ಕಿಲ್ಲ. ಒಲೆಯ ಬಿಸಿಯಾದರೂ ಗೋಡೆಗೆ ತಾಗುತ್ತಿರಬಹುದು ಎಂದು ಸಮಾಧಾನ ಮಾಡಿಕೊಂಡೆ. ನನ್ನ ಚಿಂತೆ ಬೇಡ. ಮುಂದಿನ ಹಲ್ಲು ಅಲುಗಾಡುತ್ತಿದೆ, ಆದರೆ ನವಣೆ ಗಂಜಿ ಕುಡಿಯುವವನಿಗೆ ಹಲ್ಲೇಕೆ?

ನಿನ್ನೆ ಪಾಡ್ಯ, ಸತ್ತವರಿಗೆ ಕಾಗದದ ಬಟ್ಟೆ ಸುಡುವ ದಿನ, ಅಮ್ಮನಿಗೆ ಚಳಿಯ ಬಟ್ಟೆ ಕಳಿಸಿದೆವು. ನೀಲಿ ಕಾಗದದ ಮೇಲಂಗಿ, ಒಳಗೆ ಎಳೆಎಳೆಯಾಗಿ ಹತ್ತಿ ಇಟ್ಟು ನಿನ್ನ ಅತ್ತಿಗೆಯೇ ಹೊಲಿದಿದ್ದಳು. ಸಮಾಧಿಯ ಮುಂದೆ ಬೆಂಕಿ ಹಚ್ಚಿದಾಗ ತೋಳು ಮೊದಲು ಹತ್ತಿಕೊಂಡಿತು. ಅಮ್ಮ ಅವಸರದಲ್ಲಿ ತೊಟ್ಟುಕೊಳ್ಳುತ್ತಿದ್ದಾಳೆ ಅನಿಸಿತು ನನಗೆ. ಯಾರಿಗೂ ಹೇಳಲಿಲ್ಲ. ಯಾರಿಗೆ ಹೇಳಲಿ?

ಮನೆ ತುಂಬ ಜನರಿದ್ದಾರೆ ಮಗಳೇ, ಇಲ್ಲವೆಂದಲ್ಲ. ಬೆಳಿಗ್ಗೆ ಅಂಗಳದ ಪೂರ್ವದ ಕೋಣೆಗಳ ಸಾಲಿನಿಂದ ನಿನ್ನ ಅಣ್ಣ ದೇಮಾವ್ ಮೊದಲು, ಪಶ್ಚಿಮದ ಸಾಲಿನಿಂದ ಚಿಕ್ಕವನು ಆಮೇಲೆ, ತಪ್ಪದೆ ಉತ್ತರದ ದೊಡ್ಡ ಕೋಣೆಗೆ ಬರುತ್ತಾರೆ. ಹೊಸ್ತಿಲಾಚೆ ನಿಂತು, “ಅಪ್ಪಾ, ನಿದ್ದೆ ಚೆನ್ನಾಗಿ ಬಂತಾ?” ಅನ್ನುತ್ತಾರೆ. ಬಂತು ಅನ್ನುತ್ತೇನೆ. ಬಾಗಿ, ಬೆನ್ನು ತೋರಿಸದೆ ಹಿಂದೆ ಸರಿಯುತ್ತಾರೆ. ನನ್ನೆದುರು ಕೂರಬಹುದಾಗಿದ್ದವಳು ನಿನ್ನ ಅಮ್ಮ ಒಬ್ಬಳೇ. ಆಮೇಲೆ ಅಂಗಳದಲ್ಲಿ ಸೊಸೆಯಂದಿರು ಸೂರ್ಯಕಾಂತಿ ಬೀಜ ಒಡೆಯುತ್ತಾ ನಗುವುದು ಕೇಳಿಸುತ್ತದೆ. ನಾನೂ ಒಂದು ಗಳಿಗೆ ಅಲ್ಲಿ ಕೂರೋಣವೆಂದು ಏಳುತ್ತೇನೆ. ಹಿರಿಯ ಗಂಡಸು ಕೆಮ್ಮದೆ ಹೊರಬರುವಂತಿಲ್ಲವಲ್ಲ, ಕೆಮ್ಮುತ್ತೇನೆ. ಹೊಸ್ತಿಲು ದಾಟುವಷ್ಟರಲ್ಲಿ ಅಂಗಳ ಖಾಲಿ. ಹೊಟ್ಟು ಬಿದ್ದಿರುತ್ತದೆ, ಸ್ಟೂಲುಗಳು ಇನ್ನೂ ಬೆಚ್ಚಗಿರುತ್ತವೆ. ಚಿಕ್ಕಂದಿನಲ್ಲಿ ನೀನೊಬ್ಬಳೇ ನನ್ನ ಕೆಮ್ಮಿಗೆ ಓಡುತ್ತಿರಲಿಲ್ಲ. “ಅಪ್ಪ, ನೆಗಡೀನಾ?” ಎಂದು ಕೇಳಿ ಅಮ್ಮನಿಂದ ಬೈಸಿಕೊಳ್ಳುತ್ತಿದ್ದೆ.

ಬೇಸಿಗೆಯಲ್ಲಿ ಅಮ್ಮನ ವರ್ಷಾಬ್ದಿಕಕ್ಕೆ ನೀನು ಬಂದಾಗ ನಡೆದದ್ದನ್ನು ಬರೆಯಬೇಕು. ನಿನ್ನ ಅತ್ತಿಗೆ ಅತಿಥಿಗಳಿಗೆಂದಿರುವ ದಕ್ಷಿಣದ ಕೋಣೆಯಲ್ಲಿ ಮದುವೆಯ ರೇಷ್ಮೆ ರಜಾಯಿ ಹಾಸಿದಳು. ಎರಡೂ ಕೈಯಲ್ಲಿ ಚಹಾ ಹಿಡಿದು ತಂದಳು, ದೊಡ್ಡ ಅತಿಥಿಗೆ ಇಡುವಂತೆ ಮೀನಿನ ತಲೆಯನ್ನು ನಿನ್ನ ಕಡೆಗೇ ತಿರುಗಿಸಿಟ್ಟಳು. ನೀನು ಸೌಟು ಹಿಡಿಯಹೋದರೆ, “ಅಯ್ಯೋ ಬಿಡಮ್ಮಾ, ನೀನು ಕೂತ್ಕೋ. ನಿನ್ನ ಕೈಲಿ ಕೆಲ್ಸ ಮಾಡಿಸಿದ್ರೆ ನನ್ನ ಮುಖಕ್ಕೆ ಉಗೀತಾರೆ!” ಎಂದು ಕಸಿದುಕೊಂಡಳು. ಹೊರಡುವ ದಿನ ಮನೆಮಂದಿಯನ್ನೆಲ್ಲ ಬೀದಿಬಾಗಿಲವರೆಗೆ ಕರೆತಂದು ಸಾಲಾಗಿ ನಿಲ್ಲಿಸಿ ಬಾಗಿಸಿದಳು. ಅವಳಿಗೆ ಗೊತ್ತಿದ್ದ ಗೌರವವನ್ನೆಲ್ಲ ಸುರಿದಳು, ಒಂದೂ ಉಳಿಸಿಕೊಳ್ಳಲಿಲ್ಲ. ಆದರೆ ಮನೆಯವರನ್ನು ಒಳಬಾಗಿಲಲ್ಲೇ ಬೀಳ್ಕೊಡುತ್ತಾರೆ, ಬೀದಿಬಾಗಿಲವರೆಗೆ ಹೋಗುವುದು ಹೊರಗಿನವರಿಗೆ. ಗಾಡಿ ಹೊಡೆಯುವ ಕುಯಿ ಆಮೇಲೆ ಹೇಳಿದ: “ಯಜಮಾನ್ರೇ, ನಿಮ್ ಮಗಳು ದಾರಿಯುದ್ದಕ್ಕೂ ಮಾತಾಡ್ಲಿಲ್ಲ. ನದಿ ದಾಟೋವಾಗ ಮಾತ್ರ, ನಮ್ಮನೇಲಿ ನನಗೆ ತುಂಬಾ ಮರ್ಯಾದೆ ಮಾಡಿದ್ರು ಕಣಣ್ಣ, ಅಂದ್ಲು. ಅಂದು ಅತ್ತುಬಿಟ್ಲು.”

ಅತ್ತಿಗೆಯನ್ನು ಬೈಯಬೇಡ. ಅವಳು ಹುಡುಕಿದ್ದಳು. ಪೂರ್ವ ಹಿರಿಯ ಮಗನದು, ಪಶ್ಚಿಮ ಕಿರಿಯವನದು, ಹಿಂದಿನ ಸಾಲು ಮದುವೆಯಾಗದ ಹುಡುಗಿಯರದು. ಮದುವೆಯಾಗಿ ಹೋಗಿ ಮರಳಿದ ಮಗಳಿಗೆ ಈ ಮನೆ ಕಟ್ಟಿದವರು ಒಂದು ಬಾಗಿಲನ್ನೂ ಇಟ್ಟಿರಲಿಲ್ಲ.

ಇನ್ನೊಂದು ಸುದ್ದಿ, ನಗಬೇಡ. ಈ ಪತ್ರವನ್ನು ನಾನು ದಕ್ಷಿಣದ ಕೋಣೆಯಲ್ಲಿ ಕೂತು ಬರೆಯುತ್ತಿದ್ದೇನೆ. ಹೋದ ವಾರ ಹಾಸಿಗೆ ಸುತ್ತಿಕೊಂಡು ಇಲ್ಲಿಗೆ ಬಂದುಬಿಟ್ಟೆ. ಉತ್ತರದ ಕೋಣೆಯ ಬಿಸಿಲು ಕಣ್ಣಿಗೆ ಚುಚ್ಚುತ್ತದೆ ಎಂದೆ. ದೇಮಾವ್ ಅಂಗಳದ ಕಲ್ಲಿನ ಮೇಲೇ ಮಂಡಿಯೂರಿದ. “ಚಳಿಗಾಲದಲ್ಲಿ ಯಾವ ಬಿಸಿಲಪ್ಪಾ? ಅಪ್ಪನ್ನ ಆಚೆ ಕೋಣೆಗೆ ಹಾಕಿದ ಮಗ ಅಂತ ಊರೆಲ್ಲ ನನ್ನ ಮುಖ ನೋಡಲ್ವಾ?” ನಾನೆಂದೆ, “ಅಪ್ಪ ಎಲ್ಲಿ ಕೂರ್ತಾನೋ ಅದೇ ದೊಡ್ಡ ಕೋಣೆ. ಏಳು, ಮಂಡೀಲಿ ಬಟ್ಟೆ ಹರಿದ್ರೆ ನಿನ್ ಹೆಂಡ್ತಿ ತೇಪೆ ಹಾಕ್ಬೇಕು.” ಅಲ್ಲಿಯ ಬಾಗಿಲು ದಕ್ಷಿಣದ ಬಿಸಿಲಿಗೆ, ಇಲ್ಲಿಯದು ಉತ್ತರಕ್ಕೆ, ಬಿಸಿಲು ಹಣಕುವುದಿಲ್ಲ. ಮಂಡಿ ನೋಯುತ್ತದೆ. ಬೀದಿಯಲ್ಲಿ ವಿನೆಗರ್ ಮಾರುವವನ ಕೂಗು ಮಾತ್ರ ಹತ್ತಿರ. ದಿನಾ ಒಂದೆರಡು ಮಾತಾಡಿಸುತ್ತೇನೆ, ಬೇಡದಿದ್ದರೂ ಕೊಳ್ಳುತ್ತೇನೆ.

ಉತ್ತರದ ಕೋಣೆಗೆ ನಾನು ಬದುಕಿರುವಾಗ ದೇಮಾವ್ ಹೋಗುವಂತಿಲ್ಲ. ಹಿರಿಯರ ದೀಪವಿರುವ ಕೋಣೆಯನ್ನು ಖಾಲಿ ಬಿಡುವಂತೆಯೂ ಇಲ್ಲ. ನಿನ್ನ ಅತ್ತಿಗೆ ಎರಡು ದಿನ ನಿದ್ದೆಗೆಟ್ಟು ಯೋಚಿಸಿದಳು. ಇವತ್ತು ಬೆಳಿಗ್ಗೆ ಬಂದು ತಲೆ ತಗ್ಗಿಸಿಕೊಂಡೇ, “ಮಾವಾ, ಮಗಳು ಬಂದು ಅಮ್ಮನ ಹಾಸಿಗೆ ಪಕ್ಕ ಶೋಕ ಆಚರಿಸಿದ್ರೆ ತಪ್ಪಾಗಲ್ಲ ಅಲ್ವಾ?” ಎಂದಳು. ಮದುವೆಯಾದ ಮಗಳಿಗೆ ಶೋಕ ಒಂದೇ ವರ್ಷ, ಅದು ಮುಗಿಯಿತು ಎಂದೆ, ಬೇಕೆಂದೇ. ಅವಳು, “ಹೆಚ್ಚು ಅತ್ತರೆ ಬೈಯೋ ಪುಸ್ತಕ ಯಾವ್ದೂ ಇಲ್ಲ ಮಾವಾ” ಎಂದಳು. ಆಮೇಲೆ ಉತ್ತರದ ಕೋಣೆಗೆ ಹೋಗಿ ಅಮ್ಮನ ಇಟ್ಟಿಗೆ ಮಂಚದ ಕೆಳಗಿನ ಒಲೆಗೆ ಬೆಂಕಿ ಹಾಕಿದಳು. ಹೊಗೆ ಏಳುವುದು ಇಲ್ಲಿಂದ ಕಾಣುತ್ತಿದೆ.

ನಿನ್ನ ಅತ್ತೆ ಮಾವಂದಿರಿಗೆ ನನ್ನ ನಮಸ್ಕಾರ. ನಿನಗೆ ಬೆಚ್ಚನೆಯ ನಿದ್ದೆ ಬರಲಿ, ಹೊಟ್ಟೆ ತುಂಬ ಅನ್ನ ಸಿಗಲಿ, ಅಮ್ಮನ ನೆರಳು ನಿನ್ನ ಮೇಲಿರಲಿ.

ಇಂತು,
ನಿನ್ನ ಅಪ್ಪ

ತಾ.ಕ.: ಕುಯಿ ಬಾಗಿಲಲ್ಲಿ ಅವಸರ ಮಾಡುತ್ತಿದ್ದಾನೆ. ಬಿಸಿಲಿನ ಮಾತು ಸುಳ್ಳು, ನಿನಗೆ ತಿಳಿದಿರುತ್ತದೆ. ಅವನ ಗಾಡಿ ಖಾಲಿ ಬರುತ್ತಿದೆ, ಹಿಂದಕ್ಕೆ ಖಾಲಿ ಕಳಿಸಬೇಡ. ನೀನು ಬಂದರೆ ಇಳಿಸಲು ಈ ಮನೆಯಲ್ಲಿ ಅತಿಥಿಗಳ ಕೋಣೆ ಈಗ ಇಲ್ಲ. ಅದರಲ್ಲಿ ನಾನಿದ್ದೇನೆ.