ಐವತ್ತೆಂಟರ ಕೂಸಿಗೆ ಲಸಿಕೆ ಇಲ್ಲವೇ?

ವಯಸ್ಸು ನೋಡಿ ಸೂಜಿ ಚುಚ್ಚುವ ಮಾನ್ಯ ಲಸಿಕಾ ಅಧಿಕಾರಿಗಳೇ,

ಮೆಹದಿಪಟ್ಟಣಂನ ನಮ್ಮ ಕಾಲೊನಿಯ ಆರೋಗ್ಯ ಕೇಂದ್ರದಲ್ಲಿ, ಕೂಸುಗಳಿಗೆ ಹಾಕುವ ಲಸಿಕೆಯನ್ನು ನನಗೂ ಹಾಕಿರೆಂದು ಕೇಳಿದ್ದಕ್ಕೆ ತಾವು ನನ್ನನ್ನು ಎರಡು ಸಲ ವಾಪಸು ಕಳಿಸಿದಿರಿ. ಮುಂದಿನ ತಿಂಗಳು ಮಗಳು ಸೌಂದರ್ಯಾಳ ಹೆರಿಗೆ. ಅಷ್ಟರೊಳಗೆ ಲಸಿಕೆ ಶುರುವಾಗದಿದ್ದರೆ ನಾನು ಮೊಮ್ಮಗುವನ್ನು ದೂರದಿಂದಲೇ ನೋಡಬೇಕಂತೆ. ಇದನ್ನು ತಮಗೆ ತೆಲುಗಿನಲ್ಲಿ ಹೇಳಿದೆ, ತಿಳಿಯಲಿಲ್ಲ. ಹಿಂದಿಯಲ್ಲಿ ಹೇಳಿದೆ, ಅದೂ ತಿಳಿಯಲಿಲ್ಲ. ಹೆಂಗೂ ತಿಳಿಯೂದಿಲ್ಲ ಅಂದಮೇಲೆ ನನ್ನ ಕನ್ನಡದಲ್ಲೇ ಬರೆದರಾಯಿತು, ನನಗಾದರೂ ಸಮಾಧಾನ ಆದೀತು.

ನಾನು ಅಬಿಡ್ಸಿನ ನಮ್ಮ ಸೀರೆ ಅಂಗಡಿಯ ಗಲ್ಲೆಯ ಮೇಲೆ ಕೂತೇ ಮುದುಕಿಯಾದವಳು. ಹೋದ ವರ್ಷ ರಕ್ತದ ಕ್ಯಾನ್ಸರ್ ಬಂತು. ಕೀಮೋ ಕೊಟ್ಟು ಹತೋಟಿಗೆ ತಂದರು. ಮತ್ತೆ ಬರಬಾರದೆಂದರೆ ಸ್ಟೆಮ್ ಸೆಲ್ ಕಸಿ ಆಗಬೇಕು ಎಂದರು. ಅದೇನೆಂದು ತಮಗೆ ಗೊತ್ತಿರಬೇಕಿತ್ತು. ಗೊತ್ತಿದ್ದಂತೆ ಕಾಣಲಿಲ್ಲವಾದ್ದರಿಂದ ಹೇಳುತ್ತೇನೆ. ರಕ್ತ ಹುಟ್ಟುವುದು ಎಲುಬಿನೊಳಗಿನ ಮಜ್ಜೆಯಲ್ಲಿ. ಅದನ್ನು ಹುಟ್ಟಿಸುವ ಮೂಲ ಕೋಶಗಳೇ ಈ ಸ್ಟೆಮ್ ಸೆಲ್. ಜೋರು ಕೀಮೋ ಕೊಟ್ಟು ನನ್ನ ಮಜ್ಜೆಯನ್ನು, ಕೆಟ್ಟದ್ದರ ಜೊತೆ ಒಳ್ಳೆಯದನ್ನೂ, ಪೂರಾ ಅಳಿಸಿದರು. ಅದಕ್ಕೆ ಮೊದಲೇ ಕಲಬುರಗಿಯ ನನ್ನ ತಮ್ಮ ಶಾಂತಕುಮಾರನ ಒಂದು ತೋಳಿನಿಂದ ರಕ್ತ ತೆಗೆದು, ಮಷೀನಿನಲ್ಲಿ ಸ್ಟೆಮ್ ಸೆಲ್ ಬೇರೆ ಮಾಡಿ, ಉಳಿದ ರಕ್ತವನ್ನು ಇನ್ನೊಂದು ತೋಳಿಗೆ ಬಿಟ್ಟಿದ್ದರು. ಎಲುಬು ಕೊರೀತಾರಂತ ಹೆದರಿ ಬಂದಾಂವ ಆರಾಮಾಗಿ ಮೊಬೈಲು ನೋಡುತ್ತ ಮಲಗಿದ್ದ! ಆ ಚೀಲವನ್ನು ನನಗೆ ಸಲೈನಿನ ಹಾಗೆ ಏರಿಸಿದರು. ಆ ಕೋಶಗಳು ತಾವೇ ದಾರಿ ಹುಡುಕಿಕೊಂಡು ಎಲುಬು ಸೇರಿ ಹೊಸ ರಕ್ತ ಮಾಡತೊಡಗಿದವು. ಯಾವ ಅಧಿಕಾರಿಯ ಸಹಿಗೂ ಕಾಯಲಿಲ್ಲ ನೋಡ್ರಿ.

ತೊಂದರೆ ಏನೆಂದರೆ, ಹೊಸ ರಕ್ತಕ್ಕೆ ಹಳೆಯ ಲಸಿಕೆಗಳ ನೆನಪಿಲ್ಲ. “ಬಾಯಾರ, ನೀವೀಗ ಹೊಸಾ ಕೂಸಿದ್ದಂಗ. ಪೋಲಿಯೋ, ಧನುರ್ವಾಯು, ನಾಯಿಕೆಮ್ಮು, ಎಲ್ಲಾ ಮೊದಲಿಂದ ಹಾಕಿಸ್ಕೋಬೇಕು. ದಡಾರದ್ದು ಎರಡು ವರ್ಷ ಆದಮ್ಯಾಲೆ ನೋಡೋಣು. ಲಸಿಕೆ ಶುರುವಾಗೂತನಕ ಎಳೆಗೂಸನ್ನ ಮುಟ್ಟಬ್ಯಾಡ್ರಿ, ನಾಯಿಕೆಮ್ಮು ನಿಮ್ಮಿಂದ ಅದಕ್ಕ ಹತ್ತೀತು” ಎಂದು ನಮ್ಮ ಕಡೆಯವರೇ ಆದ ಕ್ಯಾನ್ಸರ್ ಡಾಕ್ಟರು ಚೀಟಿ ಬರೆದುಕೊಟ್ಟರು. ಅವರ ಆಸ್ಪತ್ರೆಯಲ್ಲಿ ಕೂಸುಗಳ ಲಸಿಕೆ ಇಡುವುದಿಲ್ಲವಂತೆ.

ಅದನ್ನು ಹಿಡಿದು ಬುಧವಾರ ತಾಯಂದಿರ ಸಾಲಿನಲ್ಲಿ ಮಾಸ್ಕ್ ಹಾಕಿಕೊಂಡು ನಿಂತೆ. “ಬಿಡ್ಡ ಏದಮ್ಮಾ?” ಅಂದಳು ನರ್ಸ್ ಸಪ್ನಾ, ಕೂಸೆಲ್ಲಿ ಅಂತ. “ನೇನೇ ಬಿಡ್ಡ,” ನಾನೇ ಕೂಸು ಅಂದೆ. ಸಾಲಿಗೆ ಸಾಲೇ ನಕ್ಕಿತು. ಒಬ್ಬಾಕಿ ತನ್ನ ಕೂಸನ್ನು ಸೊಂಟಕ್ಕೇರಿಸಿಕೊಂಡು, ಸಂಜೆ ಜ್ವರ ಬಂದರೆ ಗಾಬರಿ ಆಗಬ್ಯಾಡ ಎಂದು ನನಗೆ ಧೈರ್ಯ ಹೇಳಿದಳು. ಸಪ್ನಾ ಚೀಟಿ ಓದಿ, ನಗು ನಿಲ್ಲಿಸಿ, ಕಂಪ್ಯೂಟರಿನ ಮುಂದೆ ಕೂತಳು. ಅದು ತಾಯಿಯ ಹೆಸರು ಕೇಳಿತು. “ಈ ರಕ್ತ ಹಡೆದಾಂವ ನನ್ನ ತಮ್ಮ. ಶಾಂತಕುಮಾರ ಅಂತ ಬರಿಯವ್ವಾ” ಅಂದೆ. ಅಷ್ಟರಲ್ಲಿ ತಾವು ಒಳಗಿನಿಂದ ದಯಮಾಡಿಸಿದಿರಿ. ಐದು ವರ್ಷದೊಳಗಿನವರಿಗೆ ಮಾತ್ರ ಅಂದಿರಿ. ನನ್ನ ರಕ್ತಕ್ಕೆ ಎಂಟೇ ತಿಂಗಳು ಸರ್ ಅಂದೆ. ಜೋಕು ಬೇಡ ಅಂದಿರಿ. ಜೋಕು ಮಾಡಬೇಕೆಂದರೆ ನನಗೆ ಮನೆಯಲ್ಲಿ ಗಂಡ ಇಲ್ಲೇನ್ರಿ? ಅದಕ್ಕಾಗಿ ಈ ಬಿಸಿಲಲ್ಲಿ ಆಟೋ ಹತ್ತಿ ಬರಬೇಕೆ?

ಹೊರಗೆ ಖಾಸಗಿ ಡಾಕ್ಟರ ಹತ್ತಿರ ಹಾಕಿಸಿಕೊಳ್ಳಿ ಅಂದಿರಿ. ಹೋದೆ. ಮಕ್ಕಳ ಡಾಕ್ಟರು ದೊಡ್ಡವರನ್ನು ನೋಡುವುದಿಲ್ಲವಂತೆ. ದೊಡ್ಡವರ ಡಾಕ್ಟರು ಮಕ್ಕಳ ಲಸಿಕೆ ಇಡುವುದಿಲ್ಲವಂತೆ. ಇಬ್ಬರೂ ಕೈ ತೋರಿಸಿದ್ದು ಮತ್ತೆ ತಾವಿರುವ ಕೇಂದ್ರದ ಕಡೆಗೇ. ತಾವು ಎರಡನೇ ಸಲವೂ ಬಾಗಿಲು ತೋರಿಸಿದಿರಿ. ಆಸ್ಪತ್ರೆಯಲ್ಲಿ ನನ್ನ ಪಕ್ಕದ ಕೋಣೆಯಲ್ಲಿದ್ದ ಸುಗಲಮ್ಮನಿಗೂ ಇದೇ ಕಸಿ ಆಗಿದೆ. ಗಚ್ಚಿಬೌಲಿಯ ಕಟ್ಟಡಗಳಿಗೆ ಇಟ್ಟಿಗೆ ಹೊರುವಾಕಿ. ಬಾಯಿ ಜೋರಿದ್ದ ನನ್ನ ಗತಿಯೇ ಹಿಂಗಾದರೆ, ಆ ಬಡಪಾಯಿ ಯಾರನ್ನು ಕೇಳಬೇಕು?

ಕೀಮೋದಲ್ಲಿ ಕೂದಲು ಹೋದಾಗ ನಾನು ಅಳಲಿಲ್ಲ, ಎಣ್ಣೆಯ ಖರ್ಚು ಉಳಿಯಿತು ಅಂದೆ. ಮೊಮ್ಮಗುವನ್ನು ಮುಟ್ಟಬಾರದು ಅಂದಾಗ ಮಾತ್ರ ಭಾಳ ಅತ್ತೆ. ಅದನ್ನು ಎತ್ತಿಕೊಳ್ಳಬೇಕೆಂದೇ ಅಲ್ಲವೇ ಇಷ್ಟೆಲ್ಲ ಸಹಿಸಿದ್ದು?

ಆದ್ದರಿಂದ ನನ್ನ ಬೇಡಿಕೆ ಇಷ್ಟೇ. ತಮ್ಮ ನಿಯಮದಲ್ಲಿ, “ಸ್ಟೆಮ್ ಸೆಲ್ ಕಸಿ ಆದವರಿಗೂ, ವಯಸ್ಸು ಎಷ್ಟೇ ಇರಲಿ” ಎಂದು ಒಂದು ಸಾಲು ಸೇರಿಸಿ. ಬರುವ ಬುಧವಾರ ಸುಗಲಮ್ಮನನ್ನೂ ಕರಕೊಂಡು ಬರುತ್ತೇನೆ. ನನ್ನ ಹಡೆದವ್ವ ಸೌಂದರ್ಯಾಳನ್ನು ಕಾಲಮೇಲೆ ಮಲಗಿಸಿಕೊಂಡು ನೀರು ಎರೆದಿದ್ದಳು. ಸೌಂದರ್ಯಾಳ ಕೂಸಿಗೆ ನಾನು ಎರೆಯಬೇಕು. ಕಾಲು ಚಾಚಿ ಕೂಡೂದು ನನಗ ಬರ್ತೈತ್ರಿ. ಸೂಜಿ ಹಾಕೂದಷ್ಟು ತಮ್ಮ ಕೈಯಾಗೈತಿ.

ಇಂತಿ,
ರವಿಕೆಯ ತೋಳು ಏರಿಸಿಕೊಂಡು ಕಾಯುತ್ತಿರುವ,
ತಮ್ಮ ಕಂಪ್ಯೂಟರಿನಲ್ಲಿ ಇನ್ನೂ ಹುಟ್ಟಿರದ
ಪಾರ್ವತಿಬಾಯಿ