ಆಸ್ಪತ್ರೆಯ ಸೊಪ್ಪು

ಜೂನ್ 3, ಸಂಜೆ 6
ಮಣಿಪಾಲದ ಡಚ್ ಕ್ಲಾಸಿನಿಂದ ಕಾಪುವರೆಗೆ ಬಸ್ಸಿನಲ್ಲಿ ನಿಂತೇ ಬಂದೆ. ಕಾಲಿಗಿಂತ ಕಿವಿ ಉರಿಯುತ್ತಿದೆ. ಇವತ್ತಿನ ಪದ ಝೀಕನ್‌ಹೌಸ್‌ಒಪ್‌ನಾಮೆ — ರೋಗಿಯನ್ನು ಆಸ್ಪತ್ರೆಗೆ ಸೇರಿಸಿಕೊಳ್ಳುವುದು. ಹತ್ತೊಂಬತ್ತು ವರ್ಷ ನರ್ಸ್ ಆಗಿ ಅದನ್ನೇ ಮಾಡಿದವಳು. ಕನ್ನಡದ ಹಾಗೆ ಕೂಡಿಸಿ ಓದಿಬಿಟ್ಟೆ: ಝೀಕನ್-ಹೌ-ಸೊಪ್ಪು-ನಾಮೆ.

ಜೇಮ್ಸ್ ಸರ್ ಹೊಟ್ಟೆ ಹಿಡಿದು ನಕ್ಕರು. "ಎಂತ ಹರಿಣಾಕ್ಷಿಯವರೇ, ಪೇಷೆಂಟನ್ನು ಅಡ್ಮಿಟ್ ಮಾಡುವುದಾ, ಬಸಳೆ ಸೊಪ್ಪು ಕೊಟ್ಟು ಕಳುಹಿಸುವುದಾ?"

ಇಡೀ ಕ್ಲಾಸ್ ನಕ್ಕಿತು. ನಗಲಿ.

ಜೂನ್ 4
ಸರ್ ಪಕ್ಕಕ್ಕೆ ಕರೆದರು. ಡಚ್ಚರ ನಾಡಿನ ರಾಟರ್‌ಡ್ಯಾಮಿನಲ್ಲಿ ಒಂದು ವೃದ್ಧಾಶ್ರಮದ ನರ್ಸ್ ಕೆಲಸದ ಇಂಟರ್‌ವ್ಯೂಗೆ ನನ್ನ ಹೆಸರು ಕಳುಹಿಸುವುದಿಲ್ಲವಂತೆ. "ನಲವತ್ತೆರಡು ಆಯಿತಲ್ವಾ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತಾ?"

"ಹತ್ತು ದಿನ ಕೊಡಿ ಸರ್. ಆಮೇಲೂ ಸೊಪ್ಪು ಬಂದರೆ ನೀವೇ ಹೆಸರು ಹೊಡೆದುಹಾಕಿ."

ಜೂನ್ 7
ಹೊಳೆಯಿತು! ಹತ್ತನೇ ಕ್ಲಾಸಿನಲ್ಲಿ ಸಂಧಿ ಬಿಡಿಸುವುದರಲ್ಲಿ ನಾನೇ ಫಸ್ಟ್. ಇದೂ ಅಷ್ಟೇ. ಡಚ್ಚರು ಕೂಡಿಸಿ ಬರೆಯುತ್ತಾರೆ, ಬಿಡಿಸಿ ಹೇಳುತ್ತಾರೆ. ಹೌಸ್ ಬೇರೆ, ಒಪ್ ಬೇರೆ. ನಡುವೆ ಚೂರು ತಡೆ. ಮತ್ತೆ ಕೊನೆಗೊಂದು 'ಉ' ಅಂಟಿಸುವ ನಮ್ಮ ಚಟ — ಬಸ್ಸು, ಬೆಡ್ಡು, ಒಪ್ಪು — ಅದನ್ನು ಬಾಯಲ್ಲೇ ನುಂಗಬೇಕು.

ಜೂನ್ 14
ಸರ್ ಬೇಕೆಂದೇ ಹತ್ತು ತುಣುಕಿನ ಪದ ಕೊಟ್ಟರು. ದುಡಿಯಲಾಗದವರ ವಿಮೆ ಎಂದು ಅರ್ಥ. ಆರ್-ಬೈಟ್ಸ್-ಒನ್-ಖೆ-ಸ್ಖಿಕ್ಟ್-ಹೈಟ್ಸ್-ಫರ್-ಝೇ-ಕೆ-ರಿಂಗ್! ಒಂದೂ ತಪ್ಪಲಿಲ್ಲ. ಈ ಸಲ ಯಾರೂ ನಗಲಿಲ್ಲ. ಸಂಜೆಯೇ ಹೆಸರು ಕಳುಹಿಸಿದರು.

ಜೂನ್ 20, ಮಧ್ಯಾಹ್ನ
ಇಂಟರ್‌ವ್ಯೂ, ಸರ್ ಅವರ ಲ್ಯಾಪ್‌ಟಾಪಿನಲ್ಲಿ. ಎಲ್ಲ ಸರಿಯಾಗಿಯೇ ಹೋಗುತ್ತಿತ್ತು. ಆದರೆ ಆ ಕಡೆಯ ಹೆಂಗಸಿಗೆ ನನ್ನ ಹೆಸರೇ ಬರಲಿಲ್ಲ. ಹ್ಯಾರಿ... ನ್ಯಾಕ್... ಕೊನೆಗೆ ನಕ್ಕು, ಉದ್ದ ಆಯಿತು, ಬರೀ ಹ್ಯಾರಿ ಎನ್ನಲೇ ಎಂದು ಕೇಳಿದಳು. ಹೂಂ ಅನ್ನಿ ಎಂದು ಸರ್ ಕಣ್ಣಲ್ಲೇ ಸನ್ನೆ ಮಾಡಿದರು.

"ಬೇಡ," ಎಂದೆ, ಡಚ್ಚಿನಲ್ಲೇ. "ಉದ್ದ ಇದ್ದರೆ ಬಿಡಿಸಿ ಹೇಳಿ. ನಿಮ್ಮ ಪದಗಳನ್ನು ನಾನು ಹಾಗೆಯೇ ಕಲಿತದ್ದು."

ಲೈನ್ ಕಟ್ಟಾದ ಮೇಲೆ ಸರ್ ತಲೆಗೆ ಕೈಯಿಟ್ಟರು. "ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಮಾರಾಯ್ರೆ."

ಹೆದರಿಕೆ ಆಯಿತು, ಸುಳ್ಳೇಕೆ. ಆದರೂ ಹ್ಯಾರಿ ಆಗುವುದಾದರೆ ಆ ಕೆಲಸ ಹ್ಯಾರಿಗೇ ಇರಲಿ.

ಜೂನ್ 27, ಮಧ್ಯಾಹ್ನ 3
ಈಗಷ್ಟೇ ಫೋನ್ ಬಂತು. ಅದೇ ಹೆಂಗಸು. ಹಲೋ ಇಲ್ಲ, ಏನಿಲ್ಲ. "ಹ... ರಿ... ಣಾ..." ನಿಂತಳು. ಆದರೂ ಹೇಳಿಕೊಡಲಿಲ್ಲ ನಾನು. ಕಾದೆ.

"...ಕ್ಷಿ! ಸೆಪ್ಟೆಂಬರ್ ಒಂದಕ್ಕೆ ಡ್ಯೂಟಿಗೆ ಬನ್ನಿ."